ಎದೆಗೆ ಒಳಪೆಟ್ಟು ಬಿದ್ದಾಗ ಹೃದಯಕ್ಕೂ ಪೆಟ್ಟಾಗಿದೆಯಾ? ಹಂತ ಹಂತವಾಗಿ ಪತ್ತೆ ಮಾಡುವ ಬಗೆ

ಕಬ್ಬಿನ ಸೀಸನ್‌ನ ಒಂದು ರಾತ್ರಿ. ಆಳಂದ ಕಡೆಯ ಒಬ್ಬ ಟ್ರ್ಯಾಕ್ಟರ್ ಡ್ರೈವರ್‌ನನ್ನು ಕರೆತಂದರು. ಕಬ್ಬು ತುಂಬಿದ ಟ್ರಾಲಿ ಹಿಂದಿನಿಂದ ನೂಕಿ, ಟ್ರ್ಯಾಕ್ಟರ್ ಹೋಗಿ ಮರಕ್ಕೆ ಗುದ್ದಿತ್ತು. ಮೊಣಕಾಲು ಹರಿದು ರಕ್ತ ಸೋರುತ್ತಿತ್ತು. ಎಲ್ಲರ ಕಣ್ಣೂ ಆ ಗಾಯದ ಮೇಲೆ. "ಎದಿ ಸ್ವಲ್ಪ ಹಿಡದಂಗ ಆಗ್ಯದರಿ, ಬ್ಯಾರೆ ಏನಿಲ್ಲ" ಅಂದ. ಇಸಿಜಿ ತೆಗೆಸಿದೆ. ನಾಡಿ ನಿಮಿಷಕ್ಕೆ 112 ಇತ್ತು, ಉಳಿದದ್ದೆಲ್ಲ ಸರಿ. ನೋವಿಗೆ ನಾಡಿ ಓಡುತ್ತಿದೆ ಅಂದುಕೊಂಡೆ. ಕಾಲಿಗೆ ಹೊಲಿಗೆ ಹಾಕಿ ವಾರ್ಡಿಗೆ ಕಳಿಸಿದೆ. ಮಾನಿಟರ್ ಹಾಕಿಸಲಿಲ್ಲ.

ಬೆಳಗಿನ ಜಾವ ನರ್ಸ್ ಓಡಿ ಬಂದರು. ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು, ಬಿಪಿ 84ಕ್ಕೆ ಇಳಿದಿತ್ತು. ಬನಿಯನ್ ಎತ್ತಿದರೆ ಎದೆಮೂಳೆಯ ಮೇಲೆ ಸ್ಟೇರಿಂಗ್ ಕಮಾನಿನ ನೀಲಿ ಗುರುತು. ರಾತ್ರಿ ಇಸಿಜಿ ತೆಗೆದವರು ಬನಿಯನ್ ಎತ್ತಿದ್ದರು. ನಾನು ಕಾಗದ ಮಾತ್ರ ನೋಡಿದ್ದೆ. ಅವನು ಬದುಕಿದ. ಆದರೆ ಆ ರಾತ್ರಿ ನಾನು ಬಿಟ್ಟ ಎರಡು ಕೆಲಸ ಇವತ್ತಿಗೂ ಕಣ್ಮುಂದೆ ಇವೆ: ಎದೆಯನ್ನು ಕಣ್ಣಾರೆ ನೋಡಲಿಲ್ಲ, ಟ್ರೋಪೋನಿನ್ (ಹೃದಯದ ಸ್ನಾಯು ಕೆಟ್ಟಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ಕಳಿಸಲಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಕಿರಿಯ ವೈದ್ಯರು, ನರ್ಸ್‌ಗಳು, 108ರ ಸಿಬ್ಬಂದಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ರೋಗಿಯ ಮನೆಯವರು ಓದಿದರೂ ಒಳ್ಳೆಯದೇ. ಏನು ಕೇಳಬೇಕು, ಏನಕ್ಕೆ ಕಾಯಬೇಕು ಅನ್ನೋದು ಗೊತ್ತಾಗುತ್ತದೆ. ಹೆಚ್ಚಿನ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಒಂದು ಇಸಿಜಿ ಮೆಷಿನ್, ಒಂದು ರಕ್ತಪರೀಕ್ಷೆ, ಆರು ತಾಸಿನ ತಾಳ್ಮೆ ಸಾಕು.

ಮೊದಲು, ಒಳಗೆ ಏನಾಗುತ್ತದೆ

ಹೃದಯ ಇರುವುದು ಎದೆಮೂಳೆ ಮತ್ತು ಬೆನ್ನುಹುರಿಯ ಮೂಳೆಗಳ ನಡುವೆ. ಮುಂದಿನಿಂದ ಪೆಟ್ಟು ಬಿದ್ದರೆ ಎರಡರ ನಡುವೆ ಜಜ್ಜುತ್ತದೆ. ಎದೆಮೂಳೆಯ ಬೆನ್ನಿಗೇ ಅಂಟಿಕೊಂಡಂತೆ ಇರುವುದು ಬಲ ಕುಹರ, ಅಂದರೆ ಹೃದಯದ ಬಲಗಡೆಯ ಕೆಳಗಿನ ಕೋಣೆ. ಹಾಗಾಗಿ ಹೆಚ್ಚು ಪೆಟ್ಟು ತಿನ್ನುವುದೂ ಅದೇ. ಇದನ್ನು ನೆನಪಿಡಿ, ಇಸಿಜಿ ಓದುವಾಗ ಬೇಕಾಗುತ್ತದೆ.

ಪೆಟ್ಟು ನಾನಾ ಬಗೆಯದು. ಸ್ನಾಯು ಕಂದಿ ಬಡಿತ ಏರುಪೇರಾಗಬಹುದು. ಕವಾಟ ಹರಿಯಬಹುದು. ಕೋಣೆಗಳ ನಡುವಿನ ಗೋಡೆ ತೂತಾಗಬಹುದು. ಹೃದಯಕ್ಕೆ ರಕ್ತ ಕೊಡುವ ನಾಳದ ಒಳಪದರ ಸೀಳಿ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೃದಯದ ಗೋಡೆಯೇ ಒಡೆಯಬಹುದು, ಅಂಥವರಲ್ಲಿ ಬಹಳ ಜನ ಆಸ್ಪತ್ರೆ ತಲುಪುವುದೇ ಇಲ್ಲ. ನಮ್ಮ ಮುಂದೆ ಮಾತಾಡುತ್ತಾ ಕೂತವರಲ್ಲಿ ಜಾಸ್ತಿ ಕಾಣುವುದು ಕಂದಿದ ಸ್ನಾಯು, ತಪ್ಪುವ ಬಡಿತ.

ಹಂತ 1: ಯಾರ ಮೇಲೆ ಅನುಮಾನ ಪಡಬೇಕು

ಹುಮನಾಬಾದ್ ಮೇಲೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಗುದ್ದಿದಾಗ ಸ್ಟೇರಿಂಗ್ ಎದೆಗೆ ಬಡಿದವರು. ಬೈಕ್ ಹ್ಯಾಂಡಲ್ ಎದೆಗೆ ನಾಟಿದವರು. ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ಪರಸಿ ಮೈಮೇಲೆ ಬಿದ್ದವರು. ಹಳೆ ಮಣ್ಣಿನ ಮನೆ ಮಳೆಗೆ ಕುಸಿದು ಅಡಿಯಲ್ಲಿ ಸಿಕ್ಕವರು. ಎತ್ತು ಎದೆಗೆ ಗುದ್ದಿದವರು. ಮರದಿಂದ, ಮಾಳಿಗೆಯಿಂದ ಬಿದ್ದವರು. ಇವರೆಲ್ಲರಿಗೂ ಹೃದಯದ ಪೆಟ್ಟು ಇದೆ ಅಂತಲ್ಲ. ಇಲ್ಲ ಅಂತ ತೋರಿಸಿಕೊಡುವ ಹೊಣೆ ನಮ್ಮದು.

ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: "ಗಾಡಿ ಬೀಳೋಕಿಂತ ಮೊದಲೇ ಎದಿ ನೋವು ಇತ್ತೇನ್ರಿ? ಕಣ್ಣಿಗೆ ಕತ್ತಲಿ ಬಂದಿತ್ತೇನು?" ಐವತ್ತೈದು ದಾಟಿದ, ಸಕ್ಕರೆ ಕಾಯಿಲೆ ಇರುವ ಮನುಷ್ಯ ಒಬ್ಬನೇ ಬೈಕ್ ಓಡಿಸುತ್ತಾ ರಸ್ತೆ ಬದಿಗೆ ಬಿದ್ದಿದ್ದರೆ, ಪೆಟ್ಟಿನಿಂದ ಹೃದಯ ಕೆಟ್ಟಿರಬಹುದು. ಹಾರ್ಟ್ ಅಟ್ಯಾಕ್ ಆಗಿ ಗಾಡಿ ಬಿದ್ದಿರಲೂಬಹುದು. ಯಾವುದು ಮೊದಲು ಅನ್ನುವುದು ಮುಂದಿನ ಚಿಕಿತ್ಸೆಯನ್ನೇ ಬದಲಿಸುತ್ತದೆ. ರೋಗಿಗೆ ನೆನಪಿಲ್ಲದಿದ್ದರೆ ಜೊತೆ ಬಂದವರನ್ನು ಕೇಳಿ.

ಹಂತ 2: ಅಂಗಿ, ಬನಿಯನ್ ಎರಡೂ ತೆಗೆಸಿ

ಉಸಿರು, ನಾಡಿ, ಬಿಪಿ ನೋಡುವುದು ಎಲ್ಲಕ್ಕಿಂತ ಮೊದಲು. ಆಮೇಲೆ ಬೆಳಕಿನಲ್ಲಿ ಎದೆ ನೋಡಿ. ಸ್ಟೇರಿಂಗ್ ಗುರುತು, ಸೀಟ್ ಬೆಲ್ಟ್‌ನ ಓರೆ ಗೆರೆ, ಹ್ಯಾಂಡಲ್ ತುದಿಯ ದುಂಡು ಕಲೆ. ಎದೆಮೂಳೆಯನ್ನು ಮೇಲಿನಿಂದ ಕೆಳಗೆ ಬೆರಳಿಂದ ಒತ್ತಿ, ಎಲ್ಲಿ ಮುಖ ಹಿಂಡುತ್ತಾರೆ ನೋಡಿ. ಮುಟ್ಟಿದಾಗ ಕರಕರ ಅಂದರೆ ಪಕ್ಕೆಲುಬು ಮುರಿದಿದೆ, ಇಲ್ಲವೇ ಚರ್ಮದಡಿ ಗಾಳಿ ಸೇರಿದೆ.

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಎದೆಮೂಳೆ ಮುರಿದಿದೆ ಎಂದರೆ ಹೃದಯಕ್ಕೆ ಪೆಟ್ಟಾಗಿಯೇ ಇದೆ ಅಂತ ಒಂದು. ಹಾಗೇನಿಲ್ಲ, ಬರೀ ಎದೆಮೂಳೆ ಮುರಿತ ಹೃದಯದ ಪೆಟ್ಟನ್ನು ಹೇಳುವುದಿಲ್ಲ. ಇನ್ನೊಂದು ಇದರ ತಿರುಗು: ಮೇಲೆ ಗುರುತೇ ಇಲ್ಲ, ಒಳಗೂ ಏನಿಲ್ಲ ಅನ್ನುವುದು. ಮಕ್ಕಳ, ಹರೆಯದವರ ಪಕ್ಕೆಲುಬು ಬಾಗುತ್ತದೆ, ಮುರಿಯುವುದಿಲ್ಲ. ಪೆಟ್ಟಿನ ಬಲ ನೇರ ಒಳಗೆ ಹೋಗುತ್ತದೆ. ಚರ್ಮ ನೀಲಿಗಟ್ಟಲೂ ಸಮಯ ಹಿಡಿಯುತ್ತದೆ. ಆದ್ದರಿಂದ ರಾತ್ರಿ ನೋಡಿದ ಎದೆಯನ್ನು ಬೆಳಿಗ್ಗೆ ಇನ್ನೊಮ್ಮೆ ನೋಡಿ.

ಸ್ಟೆತಸ್ಕೋಪ್ ಇಟ್ಟು ಎದೆಯ ಶಬ್ದ ಕೇಳಿ. ಗದ್ದಲದ ಕ್ಯಾಶುವಾಲ್ಟಿಯಲ್ಲಿ ಕೇಳಿಸುವುದು ಕಷ್ಟ, ಒಪ್ಪುತ್ತೇನೆ. ಆದರೂ ಮೊದಲಿರದ ಮರ್ಮರ ಶಬ್ದ ಹೊಸದಾಗಿ ಕೇಳಿಸಿದರೆ ಕವಾಟವೋ ನಡುಗೋಡೆಯೋ ಹರಿದಿರಬಹುದು. ಎರಡೂ ಕೈಯ ನಾಡಿ ಒಟ್ಟಿಗೆ ಹಿಡಿಯಿರಿ. ಒಂದು ಬದಿ ಕ್ಷೀಣವಾಗಿದ್ದರೆ, ಎಕ್ಸ್‌ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಂಡರೆ, ಮಹಾಧಮನಿಗೆ ಪೆಟ್ಟಾಗಿದೆಯೇ ಎಂದು ಯೋಚಿಸಿ. ಅದಕ್ಕೆ ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್ ಬೇಕು.

ಬಿಪಿ ಇಳಿದು, ಕುತ್ತಿಗೆಯ ನರ ಉಬ್ಬಿ, ಹೃದಯದ ಸದ್ದು ದೂರದಿಂದ ಬಂದಂತೆ ಮಂದವಾಗಿದ್ದರೆ ಹೃದಯದ ಚೀಲದಲ್ಲಿ ರಕ್ತ ತುಂಬಿ ಒತ್ತುತ್ತಿದೆ ಅಂತ ಪುಸ್ತಕ ಹೇಳುತ್ತದೆ. ನಿಜವೇ. ಆದರೆ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಬೇರೆ ಕಡೆ ರಕ್ತ ಹೋಗಿದ್ದರೆ ಕುತ್ತಿಗೆಯ ನರ ಉಬ್ಬುವುದೇ ಇಲ್ಲ. ಇನ್ನು ನರ ಉಬ್ಬಿದೆ, ಬಿಪಿ ಇಲ್ಲ, ಒಂದು ಬದಿ ಉಸಿರಿನ ಸದ್ದೇ ಇಲ್ಲ ಅಂದರೆ ಮೊದಲು ಶ್ವಾಸಕೋಶದ ಸುತ್ತ ಗಾಳಿ ಒತ್ತುತ್ತಿದೆ ಎಂದುಕೊಳ್ಳಿ. ಎಕ್ಸ್‌ರೇಗೆ ಕಾಯದೆ ಆ ಗಾಳಿ ಹೊರಗೆ ಬಿಡಬೇಕು.

ಹಂತ 3: ಎಲ್ಲರಿಗೂ 12 ಲೀಡ್ ಇಸಿಜಿ

ಅಮೆರಿಕದ ಈಸ್ಟ್ ಎಂಬ ಟ್ರಾಮಾ ಸರ್ಜನ್‌ಗಳ ಸಂಘ 2012ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಬಲವಾಗಿ ಹೇಳಿದ ಮಾತು ಇದು: ಅನುಮಾನ ಇರುವ ಪ್ರತಿಯೊಬ್ಬರಿಗೂ ಇಸಿಜಿ. ಎದೆ ಗಾಯವಾಗಿದೆ, ಎಲೆಕ್ಟ್ರೋಡ್ ಅಂಟುವುದಿಲ್ಲ ಅಂತ ಬಿಡಬೇಡಿ. ರಕ್ತ, ಮಣ್ಣು, ಬೆವರು ಒರೆಸಿ ಅಂಟಿಸಿ. ಗಾಯದ ಮೇಲೆಯೇ ಬಂದರೆ ಸ್ವಲ್ಪ ಸರಿಸಿ ಹಾಕಿ, ಸರಿಸಿದ್ದನ್ನು ಕಾಗದದ ಮೇಲೆ ಬರೆಯಿರಿ. ಇಲ್ಲದಿದ್ದರೆ ಮುಂದಿನ ಇಸಿಜಿ ಜೊತೆ ಹೋಲಿಸುವಾಗ ಗೊಂದಲ ಆಗುತ್ತದೆ.

ಏನು ಹುಡುಕಬೇಕು? ನಾಡಿ ವೇಗವಾಗಿರುವುದು ಬಹಳ ಸಾಮಾನ್ಯ. ಅದನ್ನು "ನೋವಿಗೆ" ಅಂತ ತಳ್ಳುವ ಮೊದಲು ರಕ್ತಸ್ರಾವ ಹುಡುಕಿ. ಹೊಟ್ಟೆ, ಸೊಂಟದ ಮೂಳೆ, ತೊಡೆ, ಎದೆಯ ಒಳಗೆ. ನೋವಿಗೆ ಔಷಧಿ ಕೊಟ್ಟು, ದ್ರವ ಕೊಟ್ಟು, ಅರ್ಧ ತಾಸು ಬಿಟ್ಟು ಮತ್ತೆ ನೋಡಿ. ಆಗಲೂ 100ರ ಮೇಲೆಯೇ ಇದ್ದರೆ ಅನುಮಾನ ಗಟ್ಟಿ ಮಾಡಿಕೊಳ್ಳಿ. ನಡುನಡುವೆ ಬರುವ ಅಗಲ ಬಡಿತಗಳು, ಏಟ್ರಿಯಲ್ ಫಿಬ್ರಿಲೇಷನ್ (ಲಯ ತಪ್ಪಿದ ಬಡಿತ), ಹೊಸದಾಗಿ ಬಂದ ಬಲಬದಿಯ ಬಂಡಲ್ ಬ್ಲಾಕ್, ಹಾರ್ಟ್ ಬ್ಲಾಕ್ (ಎರಡೂ ಬಡಿತದ ವಿದ್ಯುತ್ ಸಂಕೇತ ಸಾಗುವಲ್ಲಿನ ತಡೆ), ಎಸ್‌ಟಿ (ಇಸಿಜಿ ಗೆರೆಯ ಒಂದು ಭಾಗ) ಏರಿಳಿತ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕಲ್ಲಿನಡಿ, ಗೋಡೆಯಡಿ ಬಹಳ ಹೊತ್ತು ಸಿಕ್ಕಿದ್ದವರಲ್ಲಿ ಟಿ ಅಲೆ ಎತ್ತರವಾಗಿ ಚೂಪಾಗಿದ್ದರೆ ಪೊಟ್ಯಾಷಿಯಂ ಏರಿದೆಯೇ ನೋಡಿ. ಜಜ್ಜಿದ ಸ್ನಾಯುವಿನಿಂದ ಅದು ರಕ್ತಕ್ಕೆ ಸೇರುತ್ತದೆ. ಇದು ಹೃದಯದ ಪೆಟ್ಟಲ್ಲ, ಆದರೂ ಹೃದಯ ನಿಲ್ಲಿಸಬಲ್ಲದು.

ಈಗ ಬಲ ಕುಹರದ ವಿಷಯಕ್ಕೆ ಬರೋಣ. ಇಸಿಜಿಯ ಅಲೆಗಳಲ್ಲಿ ದೊಡ್ಡ ಪಾಲು ದಪ್ಪ ಗೋಡೆಯ ಎಡ ಕುಹರದ್ದು. ಬಲ ಕುಹರದ ಗೋಡೆ ತೆಳು, ಅದರ ದನಿ ಸಣ್ಣದು. ಹೆಚ್ಚು ಪೆಟ್ಟು ತಿನ್ನುವ ಕೋಣೆಯೇ ಇಸಿಜಿಯಲ್ಲಿ ಕಡಿಮೆ ಕಾಣುತ್ತದೆ! ಬಲಗಡೆ ಐದನೇ ಪಕ್ಕೆ ಸಂದಿಯಲ್ಲಿ ವಿ4ಆರ್ ಲೀಡ್ ಹಾಕಿ ನೋಡುವುದುಂಟು, ಒಂದು ನಿಮಿಷದ ಕೆಲಸ. ಅದು ಸರಿ ಇದ್ದರೂ ನಿರಾಳ ಆಗುವಂತಿಲ್ಲ. ಇಸಿಜಿ ಒಂದನ್ನೇ ನಂಬಿ ಮನೆಗೆ ಕಳಿಸಬಾರದು ಅನ್ನುವುದು ಈ ಕಾರಣಕ್ಕೇ.

ಹಂತ 4: ಟ್ರೋಪೋನಿನ್, ಎರಡು ಸಲ

ಟ್ರೋಪೋನಿನ್ ಐ ಅನ್ನುವುದು ಹೃದಯದ ಸ್ನಾಯುವಿನ ಒಳಗಿರುವ ಪ್ರೋಟೀನ್. ಸ್ನಾಯು ಕೆಟ್ಟಾಗ ರಕ್ತಕ್ಕೆ ಸೋರುತ್ತದೆ. ಹಳೆಯ ಸಿಕೆ-ಎಂಬಿ ಪರೀಕ್ಷೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಕೈಕಾಲಿನ ಸ್ನಾಯು ಜಜ್ಜಿದರೂ ಅದು ಏರುತ್ತದೆ. ಅದಕ್ಕೆ ದುಡ್ಡು ಹಾಕಿಸಬೇಡಿ.

ಸಮಯ ಬಹಳ ಮುಖ್ಯ. ಅಫಜಲಪುರದ ಹತ್ತಿರ ಏಳು ಗಂಟೆಗೆ ಪೆಟ್ಟಾಗಿ, ಎಂಟಕ್ಕೆ ರಕ್ತ ತೆಗೆದು, "ನೆಗೆಟಿವ್" ಅಂತ ಬಂದರೆ ಅದಕ್ಕೆ ಅಷ್ಟು ಬೆಲೆ ಇಲ್ಲ. ಸೋರಿಕೆ ರಕ್ತದಲ್ಲಿ ಕಾಣಲು ಕೆಲವು ತಾಸು ಬೇಕು. ಬಂದ ತಕ್ಷಣ ಒಂದು, 4ರಿಂದ 6 ತಾಸಿನ ಮೇಲೆ ಇನ್ನೊಂದು. ನಮ್ಮ ಕಡೆ ಎಷ್ಟೋ ಕಡೆ ಇರುವುದು ಎರಡು ಗೆರೆ ಮೂಡುವ ಕಾರ್ಡ್ ಟೆಸ್ಟ್. ಅದು ಇದೆ, ಇಲ್ಲ ಅಂತ ಮಾತ್ರ ಹೇಳುತ್ತದೆ, ಸಣ್ಣ ಏರಿಕೆ ಹಿಡಿಯುವುದಿಲ್ಲ. ಕಾರ್ಡ್ ಮಾತ್ರ ಇದ್ದರೆ ಎರಡನೇ ಸಲ ತಪ್ಪಿಸಲೇಬೇಡಿ. ಗೆರೆ ಮಸುಕಾಗಿ ಮೂಡಿದರೂ ಮೂಡಿದ ಹಾಗೆಯೇ. ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಪೊಟ್ಟಣದ ಮೇಲೆ ಬರೆದಷ್ಟೇ ನಿಮಿಷಕ್ಕೆ ಓದಿ.

ಕಿಡ್ನಿ ಕೆಟ್ಟವರಲ್ಲಿ, ಬಹಳ ರಕ್ತ ಹೋಗಿ ಬಿಪಿ ಕುಸಿದು ಶಾಕ್‌ಗೆ ಹೋದವರಲ್ಲಿ ಟ್ರೋಪೋನಿನ್ ಪೆಟ್ಟಿಲ್ಲದೆಯೂ ಏರಬಹುದು. ಆಗ ಒಂದು ಅಂಕಿಗಿಂತ ಎರಡರ ನಡುವಿನ ಏರಿಳಿತ ನೋಡಿ.

ಇಷ್ಟಾದ ಮೇಲೆ ತೀರ್ಮಾನ ಕಷ್ಟವಿಲ್ಲ. ಇಸಿಜಿ ಸರಿ, ಸರಿಯಾದ ಹೊತ್ತಿಗೆ ತೆಗೆದ ಟ್ರೋಪೋನಿನ್ ಸರಿ, ಬಿಪಿ ಸ್ಥಿರ: ಹೃದಯಕ್ಕೆ ಗಮನಿಸಬೇಕಾದ ಪೆಟ್ಟಿಲ್ಲ ಅಂತ ಹೇಳಬಹುದು. ಇಸಿಜಿ, ಟ್ರೋಪೋನಿನ್ ಎರಡರಲ್ಲಿ ಒಂದು ಕೆಟ್ಟಿದ್ದರೂ ಅಡ್ಮಿಟ್ ಮಾಡಿ ಮಾನಿಟರ್‌ಗೆ ಹಾಕಿ. ಇಸಿಜಿ ಚೆನ್ನಾಗಿದೆ, ಟ್ರೋಪೋನಿನ್ ಮಾತ್ರ ಏರಿದೆ ಅಂದರೂ ಮನೆಗೆ ಕಳಿಸಬೇಡಿ.

ತಾಲ್ಲೂಕು ಆಸ್ಪತ್ರೆಯವರಿಗೆ ಒಂದು ಎಚ್ಚರಿಕೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಮಟ್ಟದಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುವುದು, ಹಾರ್ಟ್ ಅಟ್ಯಾಕ್ ಇದ್ದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವುದು ಸಾಧ್ಯವಾಗಿದೆ. ಬಹಳ ಒಳ್ಳೆ ಕೆಲಸ ಅದು. ಆದರೆ ಆ ಇಂಜೆಕ್ಷನ್ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ಈಗಷ್ಟೇ ದೊಡ್ಡ ಪೆಟ್ಟು ಬಿದ್ದವರಿಗೆ ಕೊಟ್ಟರೆ ತಲೆಯಲ್ಲಿ, ಹೊಟ್ಟೆಯಲ್ಲಿ, ಹೃದಯದ ಚೀಲದಲ್ಲೇ ರಕ್ತ ಹರಿಯಬಹುದು. ದೂರದಲ್ಲಿ ಕೂತು ಇಸಿಜಿ ನೋಡುವವರಿಗೆ ಎಸ್‌ಟಿ ಏರಿದ್ದು ಕಾಣುತ್ತದೆ, ಟ್ರ್ಯಾಕ್ಟರ್ ಕಾಣುವುದಿಲ್ಲ. ಕಳಿಸುವಾಗ ಮೊದಲ ಸಾಲಿನಲ್ಲೇ ಬರೆಯಿರಿ: "ಎದೆಗೆ ಪೆಟ್ಟಾಗಿದೆ, ಇಷ್ಟು ಗಂಟೆಗೆ." ಪೆಟ್ಟಾದವರಲ್ಲಿ ಎಸ್‌ಟಿ ಏರಿದ್ದರೆ ಸ್ನಾಯು ಕಂದಿರಬಹುದು, ರಕ್ತನಾಳ ಸೀಳಿರಬಹುದು, ನಿಜವಾದ ಹಾರ್ಟ್ ಅಟ್ಯಾಕೂ ಇರಬಹುದು. ಅದನ್ನು ಬಿಡಿಸುವುದು ಎಕೋ (ಹೃದಯದ ಅಲ್ಟ್ರಾಸೌಂಡ್), ಸಿಟಿ, ಆಂಜಿಯೋಗ್ರಾಂ. ಇಂಜೆಕ್ಷನ್, ಆಸ್ಪಿರಿನ್, ಹೆಪಾರಿನ್ ಯಾವುದನ್ನೂ ತಜ್ಞರ ಜೊತೆ ಮಾತಾಡದೆ ಶುರು ಮಾಡಬೇಡಿ.

ಹಂತ 5: ಅಲ್ಟ್ರಾಸೌಂಡ್ ಮತ್ತು ಎಕೋ

ಬಿಪಿ ಕಡಿಮೆ ಇದ್ದವರಿಗೆ ಹಾಸಿಗೆ ಪಕ್ಕದಲ್ಲೇ ಫಾಸ್ಟ್ ಸ್ಕ್ಯಾನ್, ಅಂದರೆ ಒಳಗೆ ರಕ್ತ ಸೇರಿದೆಯಾ ಅಂತ ಬೇಗ ನೋಡುವ ಅಲ್ಟ್ರಾಸೌಂಡ್ ಮಾಡಬೇಕು. ರೋಗಿಯನ್ನು ಮಲಗಿಸಿ. ಎದೆಮೂಳೆ ಮುಗಿಯುವ ಮೆತ್ತನೆ ಜಾಗದ ಕೆಳಗೆ ಪ್ರೋಬ್ ಇಟ್ಟು, ಹೊಟ್ಟೆಗೆ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿಸಿ, ಎಡ ಭುಜದ ಕಡೆ ನೋಡುವಂತೆ ತಿರುಗಿಸಿ. ಕಾಣದಿದ್ದರೆ ಆಳ ಜಾಸ್ತಿ ಮಾಡಿ, ಪ್ರೋಬನ್ನು ಸ್ವಲ್ಪ ಬಲಕ್ಕೆ ಸರಿಸಿ, ಯಕೃತ್ತಿನ ಮೂಲಕ ನೋಡಿ. ಬಡಿಯುವ ಹೃದಯದ ಸುತ್ತ ಬೆಳ್ಳಗೆ ಹೊಳೆಯುವ ಗೆರೆಯೇ ಚೀಲ. ಹೃದಯಕ್ಕೂ ಆ ಬಿಳಿ ಗೆರೆಗೂ ನಡುವೆ ಕಪ್ಪು ಪಟ್ಟಿ ಕಂಡರೆ ಅಲ್ಲಿ ರಕ್ತ ಇದೆ. ಒಮ್ಮೆಲೇ ಸೇರಿದರೆ 100-150 ಎಂಎಲ್ ಸಾಕು, ಒಂದು ಚಹಾ ಕಪ್ಪಿನಷ್ಟು, ಹೃದಯ ತುಂಬಿಕೊಳ್ಳಲಾಗದೆ ಒದ್ದಾಡುತ್ತದೆ.

ಮುಂಭಾಗದಲ್ಲಿ ಮಾತ್ರ ಕಾಣುವ, ಒಳಗೆ ಬೂದು ಚುಕ್ಕೆಗಳಿರುವ ಪಟ್ಟಿ ಕೊಬ್ಬಾಗಿರಬಹುದು. ಹಿಂಭಾಗವನ್ನೂ ನೋಡಿ ತೀರ್ಮಾನಿಸಿ. ಇನ್ನೊಂದು ಮೋಸ ಇದಕ್ಕಿಂತ ಅಪಾಯದ್ದು. ಚೀಲವೇ ಹರಿದಿದ್ದರೆ ರಕ್ತ ಅಲ್ಲಿ ನಿಲ್ಲದೆ ಎಡಗಡೆಯ ಶ್ವಾಸಕೋಶದ ಸುತ್ತ ಇಳಿಯುತ್ತದೆ. ಹೃದಯದ ಸುತ್ತ ಏನೂ ಇಲ್ಲ ಅಂತ ಸ್ಕ್ಯಾನ್ ತೋರಿಸುತ್ತದೆ. ಎಡಗಡೆ ಎದೆಯಲ್ಲಿ ಬಹಳ ರಕ್ತ ತುಂಬಿದ್ದರೆ "ಹೃದಯದ ಸ್ಕ್ಯಾನ್ ಸರಿಯಿದೆ" ಅನ್ನುವ ಮಾತಿಗೆ ನಿಲ್ಲಬೇಡಿ, ಮತ್ತೆ ಮತ್ತೆ ನೋಡಿ.

ಪೂರ್ತಿ ಎಕೋ ಎಲ್ಲರಿಗೂ ಬೇಡ. ಬಿಪಿ ನಿಲ್ಲದವರಿಗೆ, ಬಡಿತದ ತೊಂದರೆ ಹೋಗದವರಿಗೆ, ಹೊಸ ಮರ್ಮರ ಕೇಳಿಸಿದವರಿಗೆ ಬೇಕೇ ಬೇಕು. ಬಲ ಕುಹರದ ಗೋಡೆ ಸರಿಯಾಗಿ ಕುಗ್ಗುತ್ತಿದೆಯಾ, ಕವಾಟ ಸೋರುತ್ತಿದೆಯಾ, ನಡುಗೋಡೆ ಇಡಿಯಾಗಿದೆಯಾ ಅಂತ ನೋಡುತ್ತಾರೆ. ಪಕ್ಕೆ ಮುರಿದು, ಬ್ಯಾಂಡೇಜ್ ಸುತ್ತಿ, ಎದೆಯ ಮೇಲಿನಿಂದ ಸರಿಯಾಗಿ ಕಾಣದಿದ್ದರೆ ಅನ್ನನಾಳದೊಳಗಿಂದ ಮಾಡುವ ಎಕೋ ಇದೆ.

ಹಂತ 6: ಎಲ್ಲಿಗೆ, ಹೇಗೆ ಕಳಿಸಬೇಕು

ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ, ಬೀದರ್‌ನವರು ಹೈದರಾಬಾದ್‌ಗೆ ಓಡುವುದು ನಮಗೆಲ್ಲ ಗೊತ್ತು. ಆದರೆ ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಕಲಬುರಗಿಯಲ್ಲಿ ಜಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಇವೆ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ ಬಂದಿದೆ. ಫೋನ್ ಮಾಡಿ ಹಾಸಿಗೆ ಕೇಳಿಕೊಂಡೇ ಕಳಿಸಿ. ತಲೆ, ಹೊಟ್ಟೆಗೂ ಪೆಟ್ಟಿದ್ದರೆ ಬರೀ ಹೃದಯದ ಆಸ್ಪತ್ರೆಗೆ ಕಳಿಸುವುದು ಸರಿಯಲ್ಲ. ಸರ್ಜನ್, ಸಿಟಿ, ರಕ್ತನಿಧಿ ಒಟ್ಟಿಗೆ ಇರುವ ಕಡೆ ಮೊದಲು ಹೋಗಲಿ.

ಪತ್ರದಲ್ಲಿ ಪೆಟ್ಟಾದ ಗಂಟೆ, ಪೆಟ್ಟಾದ ಬಗೆ, ಪ್ರತಿ ಇಸಿಜಿ ಮತ್ತು ಟ್ರೋಪೋನಿನ್ ತೆಗೆದ ಗಂಟೆ, ಕೊಟ್ಟ ಔಷಧಿ ಇರಲಿ. ದಾರಿಯಲ್ಲಿ ಮಾನಿಟರ್, ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸ್ ಬೇಕು. ಕ್ರೂಸರ್‌ನಲ್ಲಿ ಹಿಂದಿನ ಸೀಟಿಗೆ ಮಲಗಿಸಿ ಕಳಿಸಬೇಡಿ.

ಮನೆಯವರು ಕೇಳುವ ಮೊದಲ ಮಾತು "ಖರ್ಚು ಎಷ್ಟಾಗ್ತದ್ರಿ?" ಅಂತ. ಅದಕ್ಕೇ ಹೆದರಿ ಎಷ್ಟೋ ಜನ ಮಾನಿಟರ್ ಬೇಡ ಅಂದು ಎದ್ದು ಹೋಗುತ್ತಾರೆ. ರಸ್ತೆ ಅಪಘಾತದವರಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ತಂದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ಮೊದಲ 7 ದಿನ, 1.5 ಲಕ್ಷ ರೂಪಾಯಿವರೆಗೆ. ಯೋಜನೆಗೆ ಸೇರಿದ ಆಸ್ಪತ್ರೆಯಾ ಅಂತ ಬಾಗಿಲಲ್ಲೇ ಕೇಳಿ.

ಹಂತ 7: ಮೊದಲ 24 ತಾಸು

ಬಡಿತದ ಅಪಾಯ ಹೆಚ್ಚಿರುವುದು ಮೊದಲ ದಿನ. ಮಾನಿಟರ್ 24 ತಾಸು, ಬೇಕಾದರೆ 48 ತಾಸು ಇರಲಿ. ಪೊಟ್ಯಾಷಿಯಂ, ಮೆಗ್ನೀಷಿಯಂ ಸರಿಯಾಗಿ ಇಡಿ. ಮಾನಿಟರ್ ಸದ್ದು ಮಾಡಿದರೆ ನಿದ್ದೆ ಕೆಡುತ್ತದೆ ಅಂತ ಅಲಾರಂ ಬಂದ್ ಮಾಡಬೇಡಿ.

ಇವೆಲ್ಲಕ್ಕಿಂತ ಬೇರೆಯಾದ ಒಂದು ಸ್ಥಿತಿ ಇದೆ, ಕಮೋಷಿಯೋ ಕಾರ್ಡಿಸ್. ಹುಡುಗರು ಮೈದಾನದಲ್ಲಿ ಆಡುವಾಗ ಲೆದರ್ ಬಾಲ್ ಎದೆಯ ನಡುವೆ ಬಡಿದು ಅಲ್ಲೇ ಕುಸಿಯುತ್ತಾರೆ. ಹೃದಯಕ್ಕೆ ಗಾಯವೇ ಇರುವುದಿಲ್ಲ. ಬಡಿತದ ಒಂದು ಸೂಕ್ಷ್ಮ ಕ್ಷಣದಲ್ಲಿ, ಟಿ ಅಲೆ ಏರುವ ಹೊತ್ತಿಗೆ ಪೆಟ್ಟು ಬಿದ್ದು ಹೃದಯ ಬಡಿಯುವುದು ಬಿಟ್ಟು ನಡುಗತೊಡಗುತ್ತದೆ. ಇಲ್ಲಿ ಪರೀಕ್ಷೆಗೆ ಸಮಯವಿಲ್ಲ. ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಅದೇ ರೋಗನಿರ್ಣಯ. ಎದೆ ಒತ್ತಲು ಶುರು ಮಾಡಿ, ನಿಮಿಷಕ್ಕೆ 100ರಿಂದ 120 ಸಲ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎಇಡಿ (ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ) ತರಲಿ. ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಇಳಿಯುತ್ತಾ ಹೋಗುತ್ತದೆ.

ಮನೆಗೆ ಕಳಿಸುವಾಗ

ಎಲ್ಲ ಸರಿಯಿದ್ದವರಿಗೂ ಕನ್ನಡದಲ್ಲೇ ಚೀಟಿ ಬರೆದುಕೊಡಿ: ಎದೆ ಡವಗುಟ್ಟಿದರೆ, ಕಣ್ಣು ಕತ್ತಲಾದರೆ, ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಬಾತರೆ, ಹೊತ್ತು ನೋಡದೆ ಬರಬೇಕು. ಕವಾಟದ ಸೋರಿಕೆ, ಚೀಲದಲ್ಲಿ ನೀರು ಕೆಲವೊಮ್ಮೆ ದಿನಗಳು, ವಾರಗಳು ಕಳೆದ ಮೇಲೆ ಕಾಣಿಸುತ್ತವೆ. ಪೆಟ್ಟು ಖಚಿತವಾದವರಿಗೆ ಕೆಲವು ವಾರಗಳ ನಂತರ ಮತ್ತೊಂದು ಎಕೋ ಬೇಕು. ಅದರ ತಾರೀಖನ್ನು ಚೀಟಿಯಲ್ಲೇ ಬರೆಯಿರಿ, "ಆಮೇಲೆ ಬನ್ನಿ" ಅಂತ ಬಾಯಲ್ಲಿ ಹೇಳಿದರೆ ತೊಗರಿ ರಾಶಿ ಮುಗಿಯುವವರೆಗೆ ಯಾರೂ ಬರುವುದಿಲ್ಲ.

ಇಸಿಜಿ ಕಾಗದಗಳನ್ನು ಮನೆಯವರ ಮೊಬೈಲ್‌ನಲ್ಲಿ ಅಲ್ಲೇ ಫೋಟೊ ತೆಗೆಸಿ. ಆ ಕಾಗದ ಶಾಖಕ್ಕೆ ಮೂಡುವಂಥದ್ದು, ನಮ್ಮ ಬಿಸಿಲಲ್ಲಿ ತಗಡಿನ ಮನೆಯ ಗೂಡಿನಲ್ಲಿಟ್ಟರೆ ಮುಂದಿನ ಸಲ ಬರುವಷ್ಟರಲ್ಲಿ ಗೆರೆ ಅಳಿಸಿ ಹೋಗಿರಬಹುದು. ಹೋಲಿಸಿ ನೋಡಲು ಆ ಮೊದಲ ರಾತ್ರಿಯ ಇಸಿಜಿಯೇ ಬೇಕು.